ಕಾಯುವ ದಿನಗಳ ಭಾರ

ಧರ್ಮ ಯಾವುದಾದರೂ ಆಗಲಿ, ಬೇರೆಯಾಗಲು ಬಂದ ಗಂಡ ಹೆಂಡಿರಿಗೆ ಕಾನೂನು ಮೊದಲು ಹೇಳುವುದು ಸ್ವಲ್ಪ ತಾಳಿ ಎಂದು. ಆ ತಾಳ್ಮೆಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಹಿಂದೂ ವಿವಾಹ ಕಾಯ್ದೆಗೆ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ. ವರ್ಷವಾದರೂ ಬೇರೆ ಇದ್ದು ಇಬ್ಬರೂ ಕೂಡಿ ಅರ್ಜಿ ಹಾಕಬೇಕು, ಆರು ತಿಂಗಳ ಮೇಲೆ ಮತ್ತೆ ಬರಬೇಕು. ಫ್ಯಾಮಿಲಿ ಕೋರ್ಟಿನಲ್ಲಿ ಆ ಎರಡನೆಯ ಹಾಜರಿ ಹೆಚ್ಚು ಹೊತ್ತಿನದಲ್ಲ. ಯಾರದಾದರೂ ಒತ್ತಾಯವಿದೆಯೇ, ಜೀವನಾಂಶ ಏನಾಯಿತು, ಮಗು ಯಾರ ಬಳಿ ಎಂದು ಜಡ್ಜು ಕೇಳುತ್ತಾರೆ. ಅಲ್ಲಿಯೂ ಒಬ್ಬರು ಒಲ್ಲೆ ಎನ್ನಬಹುದು. ಒಪ್ಪಿಗೆ ಕೊನೆಯವರೆಗೂ ಉಳಿದಿರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ದುಡುಕಿದವರಿಗೆ ಹಿಂದಿರುಗಲು ಬಿಟ್ಟ ಈ ದಾರಿಯನ್ನು ನಾನು ಗೌರವಿಸುತ್ತೇನೆ. ಆದರೆ ತವರಿನಲ್ಲಿ ಆಗಲೇ ವರ್ಷಗಳನ್ನು ಕಳೆದವಳಿಗೆ ಇನ್ನೂ ಆರು ತಿಂಗಳು ಏಕೆ? ಈ ಅವಧಿಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಿತು.

ಅದೇ ವರ್ಷ ಒಂದೇ ಉಸಿರಿನ ತಲಾಖ್ ರದ್ದಾಯಿತು. ಮೂರು ಸಲ ಹೇಳಿ ಮುಗಿಸುವ ಆ ಪದ್ಧತಿ ಕಾಯುವ ಕಾಲವನ್ನೇ ನುಂಗಿಹಾಕಿತ್ತು. ಒಮ್ಮೆ ಮಾತ್ರ ತಲಾಖ್ ಹೇಳಿದರೆ ಇದ್ದತ್ ಎಂಬ ಕಾಯುವ ಅವಧಿ ಮುಗಿಯುವವರೆಗೆ ಮತ್ತೆ ಕೂಡಲು ಅವಕಾಶವಿದೆ. ಆದರೆ ಹಾಗೆ ಹಿಂದಕ್ಕೆ ಕರೆಯುವ ಹಕ್ಕು ಗಂಡನದು, ಮರುಮದುವೆಗೆ ಕಾಯುವ ಕಟ್ಟು ಹೆಂಡತಿಗೆ.

ಕ್ರೈಸ್ತರದು 1869ರ ಕಾಯ್ದೆ. ಹೆಂಡತಿಯ ವ್ಯಭಿಚಾರ ಒಂದನ್ನೇ ತೋರಿಸಿ ಗಂಡ ಬಿಡುಗಡೆ ಪಡೆಯಬಹುದಿತ್ತು. ಹೆಂಡತಿಗೆ ಅಷ್ಟೇ ಸಾಲದು, ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತುಮಾಡಬೇಕಿತ್ತು. ಇದು ಬದಲಾಗಲು 2001 ಬರಬೇಕಾಯಿತು. ಮಂಗಳೂರಿನ ಕೆಥೊಲಿಕರಿಗೆ ಇಂದಿಗೂ ಎರಡು ಬಾಗಿಲು. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದರೂ ಸರ್ಕಾರದ ಲೆಕ್ಕದಲ್ಲಿ ಅದು ಉಳಿದೇ ಇರುತ್ತದೆ. ಕೋರ್ಟಿನ ಡಿಕ್ರಿ ಸಿಕ್ಕರೂ ಚರ್ಚಿನಲ್ಲಿ ಮರುಮದುವೆಯಿಲ್ಲ. ಚರ್ಚಿನ ತೀರ್ಪಿಗೆ ಮಾನ್ಯತೆ ಕೋರಿ ದಕ್ಷಿಣ ಕನ್ನಡದ ಮುಖಂಡರೊಬ್ಬರು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಮನಸ್ಸಾಕ್ಷಿಗಾಗಿ ಕಾಯುವವರ ನೋವಿಗೆ ಕಾಯ್ದೆಯಲ್ಲಿ ಮದ್ದಿಲ್ಲ.

ಇಷ್ಟನ್ನೂ ನೋಡುವಾಗ ನನಗೆ ಎದ್ದು ಕಾಣುವುದು ಬೇರೆಯೇ. ಒಪ್ಪಿ ಬಂದವರ ಕಾಯುವಿಕೆಗೆ ಕಾನೂನು ತಿಂಗಳ ಲೆಕ್ಕ ಇಟ್ಟಿದೆ. ಒಬ್ಬರು ಒಪ್ಪದಿದ್ದರೆ ಲೆಕ್ಕವೇ ಇಲ್ಲ. ಸೇಡಿಗೆ ನಿಂತವರು ವಾಯಿದೆಯ ಮೇಲೆ ವಾಯಿದೆ ಕೇಳುತ್ತಾ ಇನ್ನೊಬ್ಬರ ಪ್ರಾಯವನ್ನೇ ಸವೆಸಬಹುದು. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ತಾನೇ ಕೊನೆಗೊಳಿಸಬಲ್ಲೆನೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆ ಅಧಿಕಾರ ಊರಿನ ಫ್ಯಾಮಿಲಿ ಕೋರ್ಟಿಗಿಲ್ಲ. ದೆಹಲಿಯವರೆಗೆ ಹೋಗುವ ಶಕ್ತಿ ಎಷ್ಟು ಮಂದಿಗಿದೆ? ಮದುವೆ ಹೀಗೆ ಮುರಿದಿರುವುದನ್ನೇ ವಿಚ್ಛೇದನದ ಕಾರಣವಾಗಿ ಕಾಯ್ದೆಗೇ ಸೇರಿಸಿ ಎಂದು ಕಾನೂನು ಆಯೋಗ 1978ರಲ್ಲೂ 2009ರಲ್ಲೂ ಶಿಫಾರಸು ಮಾಡಿತ್ತು. ಹಾಗೆ ಸೇರಿಸಿದರೆ ಕೈಯಲ್ಲಿ ಕಾಸಿಲ್ಲದ ಹೆಂಡತಿ ಬೀದಿಗೆ ಬಿದ್ದಾಳೆಂಬ ಭಯವೂ ಸುಳ್ಳಲ್ಲ. ಹಾಗಿದ್ದರೆ ಮೊದಲು ಅವಳ ಜೀವನಾಂಶ, ಮನೆಯ ಪಾಲು ಗಟ್ಟಿಯಾಗಲಿ, ಆಮೇಲೆ ಬಿಡುಗಡೆ ಸಿಗಲಿ ಎಂದು ಬರೆಯುವುದಕ್ಕೆ ಸಂಸತ್ತಿಗೆ ಯಾವ ಅಡ್ಡಿಯೂ ಇಲ್ಲ.