ಒಂಟಿ ಪಯಣದ ಖಾಲಿ ಆಸನ

ಮಳೆಗಾಲ ಕಳೆದು ಶರದೃತು ಕಾಲಿಡುವ ಹೊತ್ತಿನಲ್ಲಿ ನೀವು ಒಬ್ಬರೇ ನವಲಗುಂದದಿಂದ ಅಣ್ಣಿಗೇರಿಗೆ, ಅಲ್ಲಿಂದ ಕುಂದಗೋಳಕ್ಕೆ ಪಯಣಿಸಿದ್ದೀರಾ? ಹೆಸರು ಕೊಯ್ದ ಎರೆಹೊಲಗಳು ಜೋಳ, ಕಡಲೆಗಳ ಹಿಂಗಾರಿ ಬಿತ್ತನೆಗೆ ಅಣಿಯಾಗಿರುತ್ತವೆ. ಜಮಖಾನ ನೇಯುವ ಊರು, ಅಮೃತೇಶ್ವರನ ಪ್ರಾಚೀನ ಗುಡಿಯ ಊರು, ಸವಾಯಿ ಗಂಧರ್ವರ ಊರು, ಒಂದೊಂದಾಗಿ ಎದುರಾಗುತ್ತವೆ. ಜೊತೆಗಾರರಿಲ್ಲದ ಮನಸ್ಸು ತಾನಾಗಿ ಪ್ರಾರ್ಥನೆಗೆ ತೊಡಗುತ್ತದೆ.

ಆದರೆ ಏಕಾಂತಕ್ಕೆ ಒಂದು ಅಪಾಯವೂ ಉಂಟು. ಒಮ್ಮೆ ಆ ದಾರಿಯಲ್ಲಿ, ತಲೆಯ ಮೇಲೆ ಗಂಟು ಹೊತ್ತ ವೃದ್ಧೆಯೊಬ್ಬರು ನನ್ನ ಬೈಕಿಗೆ ಕೈ ಮಾಡಿದರು. ನಾನು ನಿಲ್ಲಿಸಲಿಲ್ಲ. ಅವಸರವೇನೂ ಇರಲಿಲ್ಲ, ನನ್ನ ಮೌನ ಕದಡೀತೆಂಬ ಅಳುಕಷ್ಟೇ. ಆ ಗಳಿಗೆಯಲ್ಲಿ ನಾನು ಹೊಲಗಳ ಚೆಲುವಿಗಾಗಿ ದೇವರನ್ನು ವಂದಿಸುತ್ತಿದ್ದೆ! ಅಂಥ ಹೊಲಗಳಲ್ಲಿ ದುಡಿದು ಸವೆದ ಕೈಯನ್ನು ಮಾತ್ರ ಕಂಡೂ ಕಾಣದಂತಿದ್ದೆ.

ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ನೆನೆಯಿರಿ. ಜೆರಿಕೋವಿನ ದಾರಿಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡಿಯೇ ಮಗ್ಗುಲಾಗಿ ಹೋದರು. ಸಮಾರ್ಯದವನಾದರೋ ಪಯಣವನ್ನು ನಿಲ್ಲಿಸಿ, ತನ್ನ ಸವಾರಿಯ ಪ್ರಾಣಿಯ ಮೇಲೆಯೇ ಅವನನ್ನು ಕೂರಿಸಿದನು.

ಏಕಾಂತ ತಪ್ಪಲ್ಲ. ಯೇಸುಸ್ವಾಮಿಯೂ ಪ್ರಾರ್ಥಿಸಲು ಒಬ್ಬರೇ ಬೆಟ್ಟವೇರುತ್ತಿದ್ದರು. ಆದರೆ ಜನರ ಬಳಿಗೆ ಇಳಿದು ಬರುತ್ತಿದ್ದರು. ನಮ್ಮ ಏಕಾಂತ ದೇವರಿಗಾಗಿಯೋ, ನಮ್ಮ ಸುಖಕ್ಕಾಗಿಯೋ ಎಂಬುದನ್ನು ದಾರಿಬದಿಯಲ್ಲಿ ಚಾಚಿದ ಕೈ ಪರೀಕ್ಷಿಸುತ್ತದೆ.

ಮುಂದಿನ ಸಲ ನೀವು ಒಬ್ಬರೇ ಹೊರಟಾಗ, ನಿಮ್ಮ ಹಿಂದಿನ ಖಾಲಿ ಆಸನ ಯಾರಿಗಾಗಿ ಎಂದು ಕೇಳಿಕೊಳ್ಳಿ.