ವಯಸ್ಸೆಂಬ ಸುಲಭದ ಉತ್ತರ

ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಇಂದು ಅದು ಸ್ಟಾರ್ಟ್ ಆಗದಿದ್ದರೆ "ವಯಸ್ಸಾಯಿತಲ್ಲ" ಎಂದುಬಿಡಬಹುದು. ಕೆಲಸ ಬಲ್ಲ ಮೆಕ್ಯಾನಿಕ್ ಹಾಗೆನ್ನುವುದಿಲ್ಲ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸುತ್ತಾನೆ. ಎಂಜಿನ್ ತಿರುಗದೆ ದೀಪ ಮಂಕಾದರೆ ಮೊದಲು ಬ್ಯಾಟರಿ ನೋಡುತ್ತಾನೆ. ಮೊದಲ ವರ್ಷಗಳ ಎಂಜಿಬಿಗಳಲ್ಲಿ ಸೀಟಿನ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳು. ಒಂದು ಸೋತರೆ ಇನ್ನೊಂದರಿಂದ ಕೆಲಸ ಸಾಗದು. ಎಂಜಿನ್ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಸದ್ದಿಗೆ ಕಿವಿಗೊಡುತ್ತಾನೆ, ಪ್ಲಗ್ಗಿನಲ್ಲಿ ಕಿಡಿ ಇದೆಯೇ ಎಂದು ನೋಡುತ್ತಾನೆ. ಎಷ್ಟೋ ಸಲ ಕೊನೆಗೆ ಸಿಗುವುದು ಕಿಲುಬು ಹಿಡಿದ ಒಂದು ತಂತಿಯ ತುದಿ.

ಯಂತ್ರಕ್ಕೆ ಸಲ್ಲುವ ಈ ತಾಳ್ಮೆ ಮನೆಯ ಹಿರಿಯರಿಗೆ ಸಲ್ಲುತ್ತಿದೆಯೇ? ಅತ್ತೆ ಊಟ ಕಡಿಮೆ ಮಾಡಿದರೂ ವಯಸ್ಸು, ಅಮ್ಮ ಮಾತು ಕಡಿಮೆ ಮಾಡಿದರೂ ವಯಸ್ಸು. ಹಲ್ಲುನೋವೋ, ಕಿವಿ ಮಂದವೋ, ಯಾರದಾದರೂ ಮಾತು ನಾಟಿತೋ ಎಂದು ಒಂದೊಂದಾಗಿ ಕೇಳುವವರು ಯಾರು? ದಿನವೆಲ್ಲ ದುಡಿದು ದಣಿದ ಹೆಣ್ಣಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು ಎನ್ನುತ್ತೀರಿ. ನಿಜ, ಕೇಳುವ ಹೊಣೆ ಮನೆಯ ಗಂಡಸರದೂ ಹೌದು.

ವಯಸ್ಸನ್ನು ಯಾರೂ ರಿಪೇರಿ ಮಾಡಲಾರರು. ಅದನ್ನೇ ಕಾರಣ ಮಾಡಿಬಿಟ್ಟರೆ ಯಾರೂ ಏನೂ ಮಾಡಬೇಕಿಲ್ಲ. ಆ ಉತ್ತರ ನಮಗೆ ಅಷ್ಟು ಹಿತವಾಗುವುದು ಬಹುಶಃ ಇದಕ್ಕೇ.