ಉತ್ತೇಜಕ ಪಾನೀಯವೂ ವಿಕ್ರಯಧರ್ಮವೂ

ಮಾರುವವನು ತನ್ನ ಸರಕಿನ ದೋಷವನ್ನು ಮುಚ್ಚಿಡದೆ ತಿಳಿಸಿಬಿಟ್ಟನೆಂದರೆ ಅವನ ಹೊಣೆ ಅಲ್ಲಿಗೇ ತೀರಿತೋ? ಬಸವಕಲ್ಯಾಣ, ಹುಮನಾಬಾದ ಸೀಮೆಯವರಿಗೆ ಇದು ಮನೆಯ ಪ್ರಶ್ನೆಯೇ ಸರಿ. ಏಕೆಂದರೆ ಭಾರತದ ಬಹುಭಾಗಕ್ಕೆ ವ್ಯವಹಾರದಲ್ಲಿ ಪ್ರಮಾಣವಾದ ಮಿತಾಕ್ಷರೆಯನ್ನು ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ರಚಿಸಿದುದು ಈ ಕಲ್ಯಾಣದಲ್ಲಿಯೇ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ದುಷ್ಟವಸ್ತುವನ್ನು ನಿರ್ದುಷ್ಟವೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ವಿಧಿಸುತ್ತದೆ.

ಇಂದು ಮೋರಖಂಡಿಯಂತಹ ಗ್ರಾಮಗಳವರೆಗೂ ಎನರ್ಜಿ ಡ್ರಿಂಕ್ ಎಂಬ ಪಾನೀಯವು ಬಂದಿದೆ. ಹೆಸರಿನಲ್ಲಿ ಶಕ್ತಿಯುಂಟು; ಶೀಸೆಯೊಳಗೆ ಇರುವುದು ಮುಖ್ಯವಾಗಿ ಸಕ್ಕರೆ ಮತ್ತು ಕೆಫೀನ್. ದೇಹವು ದುಡಿದಂತೆಲ್ಲ ಮೆದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಸಂಚಯವಾಗಿ ನಿದ್ರೆಯನ್ನು ಬೇಡುತ್ತದೆ. ಕೆಫೀನ್ ಅದರ ಆಸನವನ್ನು ತಾನು ಆಕ್ರಮಿಸುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ವಾರ್ತೆಯನ್ನು ತಂದ ದೂತನು ಬಾಗಿಲಲ್ಲಿಯೇ ತಡೆಯಲ್ಪಡುತ್ತಾನೆ. ಕುಡಿದುದರ ಅರ್ಧಭಾಗವು ದೇಹವನ್ನು ಬಿಡಲು ಸುಮಾರು 5 ಗಂಟೆ ಬೇಕು. ಪರೀಕ್ಷೆಯ ಮುನ್ನಾದಿನ ಇದನ್ನು ಕುಡಿದು ಓದುವ ಹುಡುಗನೂ, ಹುಮನಾಬಾದಿನ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಲಾರಿ ನಡೆಸುವವನೂ ನಾಳೆಯ ನಿದ್ರೆಯನ್ನು ಇಂದೇ ಸಾಲ ತೆಗೆದವರು. (ಇದರಲ್ಲಿ ಸೇರುವ ಟಾರಿನ್ ಮೊದಲು ದೊರೆತುದು 1827ರಲ್ಲಿ, ಎತ್ತಿನ ಪಿತ್ತದಲ್ಲಿ. ಈಗ ಅದನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಮಾಡುವುದರಿಂದ ಶಾಕಾಹಾರಿಗಳು ಕಳವಳಪಡಬೇಕಾದುದಿಲ್ಲ.)

ಅತಿಶಯೋಕ್ತಿಯು ಇಲ್ಲಿ ಸಲ್ಲದು. ನಮ್ಮ ದೇಶದ ನಿಯಮದಂತೆ ಇಂತಹ ಪಾನೀಯದ ಒಂದು ಲೀಟರಿನಲ್ಲಿ ಕೆಫೀನ್ 145ರಿಂದ 300 ಮಿಲಿಗ್ರಾಂ ಇರಬಹುದು. ಎಂದರೆ 250 ಮಿಲಿಲೀಟರಿನ ಶೀಸೆಯಲ್ಲಿ ಹೆಚ್ಚೆಂದರೆ 75. ಆರೋಗ್ಯವಂತನಾದ ಪ್ರಾಯಸ್ಥನಿಗೆ ಒಮ್ಮೆಗೆ 200 ಮಿಲಿಗ್ರಾಂ ಬಾಧಕವಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಮಂಡಳಿಯು 2015ರಲ್ಲಿ ಅಭಿಪ್ರಾಯಪಟ್ಟಿತು. ಆದರೆ ಮಕ್ಕಳಿಗೆ ಅದೇ ಮಂಡಳಿಯು ಸೂಚಿಸಿದ ಮಿತಿ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 3 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಅದು 60 ಆಗುತ್ತದೆ; ಒಂದೇ ಶೀಸೆ ಮಿತಿಯನ್ನು ದಾಟಬಲ್ಲುದು. ನಿದ್ರಾನಾಶ, ಎದೆಬಡಿತ, ರಕ್ತದೊತ್ತಡದ ಏರಿಕೆ ಇದರ ಫಲ. ಹೃದಯದ ಲಯದೋಷವಿದ್ದೂ ಅರಿಯದವನಿಗೆ ಅಪಾಯವು ಇನ್ನೂ ಗುರುತರವಾದುದು. ಮದ್ಯದೊಡನೆ ಬೆರೆಸಿದರಂತೂ ಅಮಲು ಏರಿದುದೇ ತಿಳಿಯದೆ ಮನುಷ್ಯನು ಇನ್ನಷ್ಟು ಕುಡಿಯುತ್ತಾನೆ.

ಇದೆಲ್ಲವನ್ನೂ ಶೀಸೆಯೇ ಒಂದು ಬಗೆಯಲ್ಲಿ ಒಪ್ಪಿಕೊಂಡಿದೆ. ಕೆಫೀನ್ ಅಧಿಕ, ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ತಕ್ಕುದಲ್ಲ, ದಿನಕ್ಕೆ 500 ಮಿಲಿಲೀಟರಿಗೆ ಮೀರಕೂಡದು ಎಂದು ಅಚ್ಚಿಸಬೇಕೆಂಬುದು ವಿಧಿ. ಆದುದರಿಂದ ಸ್ಮೃತಿಯ ದಂಡವು ತಯಾರಕನಿಗೆ ತಗಲದು. ಅವನು ದೋಷವನ್ನು ಮುಚ್ಚಲಿಲ್ಲವಷ್ಟೆ. ಆದರೆ ಆ ಬರಹವು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡವು ಕಡ್ಡಾಯವಲ್ಲ. ಈ ಸೀಮೆಯಲ್ಲಿ ಮರಾಠಿ ಕಲಿತವರು ದೇವನಾಗರಿಯನ್ನು ಓದಿಯಾರು ಎನ್ನಬಹುದು. ದಿಟವೇ, ಆದರೆ ಎರಡರಲ್ಲೊಂದು ಸಾಕೆಂದಿರುವಾಗ ಇಂಗ್ಲಿಷೊಂದರಿಂದಲೇ ವಿಧಿಯು ನೆರವೇರಿತಲ್ಲ! ಕನ್ನಡ ಶಾಲೆಯ ಮೂರನೆಯ ತರಗತಿಯ ಬಾಲಕನಿಗೆ ಆ ಸಣ್ಣಕ್ಷರಗಳು ಚಿತ್ತಾರಕ್ಕಿಂತ ಬೇರೆಯಲ್ಲ. ಹೇಳುವುದು ಎಂದರೆ ಕೇಳುವವನಿಗೆ ಅರ್ಥವಾಗುವಂತೆ ಹೇಳುವುದು ತಾನೆ? ಕಿವುಡನ ಹಿಂದೆ ನಿಂತು ಹಾವು ಹಾವೆಂದು ಕೂಗಿದವನು ಸುಳ್ಳಾಡಲಿಲ್ಲ, ನಿಜ; ಎಚ್ಚರಿಸಿದನೆಂದು ಹೇಳುವವರು ಯಾರು?

ಪೋಲೆಂಡ್ ದೇಶವು 2024ರ ಆರಂಭದಿಂದ 18 ವರ್ಷದೊಳಗಿನವರಿಗೆ ಇದರ ಮಾರಾಟವನ್ನೇ ನಿಷೇಧಿಸಿತು. ಅಲ್ಲಿ ಓದುವ ಭಾರವು ಮಗುವಿನ ಮೇಲಿಲ್ಲ, ಮಾರುವವನ ಮೇಲಿದೆ. ಇಲ್ಲಿ ಅಂತಹ ಶಾಸನವಿಲ್ಲದಿದ್ದರೂ ಹಳ್ಳಿಯ ಅಂಗಡಿಯವನಿಗೆ ಕೊಳ್ಳುವ ಹುಡುಗನು ಯಾರ ಮಗನೆಂಬುದು ಗೊತ್ತು, ವಯಸ್ಸೆಷ್ಟೆಂಬುದೂ ಗೊತ್ತು. "ಇದು ನಿನಗಲ್ಲಪ್ಪಾ" ಎನ್ನಲು ಅವನು ಶೀಸೆಯ ಮೇಲಿನ ಭಾಷೆಯನ್ನು ಕಲಿಯಬೇಕಾಗಿಲ್ಲ.